ಸಿಗಲಿಲ್ಲ ಎಂಬ ವರದಿ

ವಸಂತ್ ಕುಂಜ್‌ನಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾಯಿತು. ನಮ್ಮ ಡಿಡಿಎ ಫ್ಲ್ಯಾಟಿನ ಮೇಲೆ ವಿಮಾನಗಳು ಹಗಲು ರಾತ್ರಿ ಹಾದುಹೋಗುತ್ತವೆ. ದೊಡ್ಡದೊಂದು ಹೋದಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಊರಿಂದ ಬಂದ ನೆಂಟರು ಬೆಚ್ಚುತ್ತಾರೆ, ನಮಗೆ ಕೇಳಿಸುವುದೇ ಇಲ್ಲ. ಕಳೆದ ತಿಂಗಳು ಒಂದು ರಾತ್ರಿ ಮಾತ್ರ ನಿದ್ದೆ ಬಾರದೆ ಒಂದೊಂದನ್ನೂ ಎಣಿಸುತ್ತ ಕೂತಿದ್ದೆ. ಕಾರಣ ವಿಮಾನವಲ್ಲ, ಆ ಸಂಜೆ ನಾನು ಅಳಿಸಿದ ಒಂದು ಸಾಲು.

ಗೋದಾಮಿಗೆ ಯಾವ ಸರಕು ಎಷ್ಟು ಬೇಕಾದೀತು ಎಂದು ಅಂದಾಜು ಮಾಡುವ ಹೊಸ ಸಾಫ್ಟ್‌ವೇರೊಂದನ್ನು ನಮ್ಮ ತಂಡ ಮೂರು ತಿಂಗಳು ಪರೀಕ್ಷಿಸಿತ್ತು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಕಾಣಲಿಲ್ಲ. ತಂಡದಲ್ಲಿರುವ ಕಲಬುರಗಿಯ ಹುಡುಗಿ ವರದಿಯ ಕೊನೆಗೆ ಹಾಗೆಯೇ ಬರೆದಿದ್ದಳು: ‘ಲಾಭ ಕಂಡುಬರಲಿಲ್ಲ.’ ನಾನು ಅದನ್ನು ತೆಗೆದು ‘ಆರಂಭಿಕ ಸೂಚನೆಗಳು ಆಶಾದಾಯಕ, ಇನ್ನೂ ಮೂರು ತಿಂಗಳು ಬೇಕು’ ಎಂದು ಹಾಕಿದೆ. ಪೂರಾ ಸುಳ್ಳೇನಲ್ಲ, ಒಂದೆರಡು ಗೋದಾಮುಗಳಲ್ಲಿ ಅಂಕಿ ತುಸು ಮೇಲಿತ್ತು. ಅವಳು ಜಗಳವಾಡಲಿಲ್ಲ. ಬ್ಯಾಗು ಹೆಗಲಿಗೇರಿಸುತ್ತ ಕೇಳಿದಳು: “ಸರ್, ಎಷ್ಟ್ ಬಂದ್ರ ಇಲ್ಲ ಅಂತ ಒಪ್ಕೋತೀವ್ರಿ ನಾವು?”

ಆ ಪ್ರಶ್ನೆ ನನ್ನನ್ನು ಇಂಜಿನಿಯರಿಂಗ್ ಓದುವಾಗಿನ ಒಂದು ಪಾಠಕ್ಕೆ ಎಳೆದೊಯ್ದಿತು. ಶಬ್ದಕ್ಕೆ ಗಾಳಿ ಬೇಕಾದಂತೆ ಬೆಳಕಿನ ಅಲೆಗೂ ಒಂದು ಮಾಧ್ಯಮ ಬೇಕು, ಅದು ಈಥರ್, ಜಗತ್ತನ್ನೆಲ್ಲ ತುಂಬಿಕೊಂಡಿದೆ ಎಂದು 19ನೇ ಶತಮಾನದ ವಿಜ್ಞಾನಿಗಳು ನಂಬಿದ್ದರು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಹಾಗಿದ್ದರೆ ಬೈಕಿನಲ್ಲಿ ಹೋಗುವವನ ಮುಖಕ್ಕೆ ಗಾಳಿ ಹೊಡೆಯುವಂತೆ ನಮಗೆ ಈಥರಿನ ಗಾಳಿ ಹೊಡೆಯಬೇಕು.

ಅದನ್ನು ಹಿಡಿಯಲು ಆಲ್ಬರ್ಟ್ ಮೈಕಲ್ಸನ್ ಒಂದು ಉಪಾಯ ಮಾಡಿದ. ಹರಿಯುವ ಹೊಳೆಯಲ್ಲಿ ಇಬ್ಬರು ಸಮಾನ ಈಜುಗಾರರು. ಒಬ್ಬ ಅಡ್ಡಲಾಗಿ ಆಚೆ ದಡ ಮುಟ್ಟಿ ಬರುತ್ತಾನೆ, ಇನ್ನೊಬ್ಬ ಅಷ್ಟೇ ದೂರ ಹೊಳೆಯ ಉದ್ದಕ್ಕೆ ಹೋಗಿ ಬರುತ್ತಾನೆ. ಉದ್ದಕ್ಕೆ ಹೋದವನು ತಡವಾಗಿ ಬರುತ್ತಾನೆ. ಬೆಳಕಿನ ಒಂದು ಕಿರಣವನ್ನು ಎರಡಾಗಿ ಸೀಳಿ, ಹೀಗೆ ಎರಡು ದಿಕ್ಕಿಗೆ ಓಡಿಸಿ, ಮತ್ತೆ ಕೂಡಿಸಿದರೆ ಕಪ್ಪು-ಬಿಳಿ ಪಟ್ಟೆಗಳು ಮೂಡುತ್ತವೆ. ಉಪಕರಣವನ್ನು ತಿರುಗಿಸಿದಾಗ ಪಟ್ಟೆಗಳು ಸರಿದರೆ ಗಾಳಿ ಇದೆ ಎಂದರ್ಥ. ಹಿಡಿಯಬೇಕಾದ ವ್ಯತ್ಯಾಸ ಮಾತ್ರ ಹತ್ತು ಕೋಟಿಯಲ್ಲಿ ಒಂದು ಪಾಲು.

1881ರಲ್ಲಿ ಆತ ಬರ್ಲಿನ್ನಿನ ಗದ್ದಲ ತಾಳಲಾರದೆ ಉಪಕರಣವನ್ನು ಪಾಟ್ಸ್‌ಡ್ಯಾಮಿಗೆ ಒಯ್ದ. ಅಲ್ಲಿಯೂ ನೂರು ಮೀಟರ್ ಆಚೆ ಯಾರಾದರೂ ನೆಲಕ್ಕೆ ಕಾಲು ಅಪ್ಪಳಿಸಿದರೆ ಪಟ್ಟೆಗಳು ಮಾಯವಾಗುತ್ತಿದ್ದವು. ನಿರೀಕ್ಷಿಸಿದ ಸರಿತ ಕಾಣಲಿಲ್ಲ. ಆದರೆ ಅಡ್ಡಲಾಗಿ ಈಜುವವನನ್ನೂ ಹೊಳೆ ತಡೆಯುತ್ತದೆ ಎಂಬುದು ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಫ್ರಾನ್ಸಿನ ಪೋಟಿಯೆ ಅದನ್ನು ತೋರಿಸಿಕೊಟ್ಟ. ತಿದ್ದಿದಾಗ ಕಾಣಬೇಕಿದ್ದ ಸರಿತ ಅರ್ಧಕ್ಕೆ ಇಳಿಯಿತು. ಅಷ್ಟು ಸಣ್ಣದನ್ನು ಆ ಉಪಕರಣ ನಂಬಿಕೆಯಿಂದ ಹಿಡಿಯಲಾರದು. ಹೀಗಾಗಿ ಮೊದಲ ‘ಇಲ್ಲ’ಕ್ಕೆ ತೂಕ ಬರಲಿಲ್ಲ.

1887ರ ಜುಲೈಯಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಎಡ್ವರ್ಡ್ ಮಾರ್ಲಿಯ ಜೊತೆ ಮತ್ತೆ ಪ್ರಯೋಗ. ಈ ಸಲ ಒಂದೂವರೆ ಮೀಟರ್ ಚೌಕದ ಕಲ್ಲಿನ ಚಪ್ಪಡಿ, ಅದು ಅಲುಗದಂತೆ ತಿರುಗಲು ಕೆಳಗೆ ಪಾದರಸ, ಕನ್ನಡಿಗಳ ನಡುವೆ ಬೆಳಕನ್ನು ಹಿಂದೆ ಮುಂದೆ ಓಡಿಸಿ ದಾರಿಯನ್ನು 11 ಮೀಟರಿಗೆ ಹಿಗ್ಗಿಸಿದರು. ಗಾಳಿ ಇದ್ದರೆ ಪಟ್ಟೆ ತನ್ನ ಅಗಲದ 0.4ರಷ್ಟು ಸರಿಯಬೇಕಿತ್ತು. ಸರಿದದ್ದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತ ಖಂಡಿತ ಕಡಿಮೆ, ಬಹುಶಃ ನಲವತ್ತನೇ ಒಂದಕ್ಕಿಂತಲೂ ಕಡಿಮೆ ಎಂದು ಬರೆದು ಅಚ್ಚಿಗೆ ಕೊಟ್ಟರು.

ಇವರೇನೂ ಸಂತರಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡುತ್ತೇವೆ ಎಂದು ಅದೇ ಲೇಖನದಲ್ಲಿ ಹೇಳಿದವರು ನೋಡಲಿಲ್ಲ. ಮೈಕಲ್ಸನ್‌ಗೆ ಈಥರಿನ ಮೇಲಿನ ಮಮತೆ ಕೊನೆವರೆಗೂ ಹೋಗಲಿಲ್ಲ. ಆದರೂ ತಾನು ಬಯಸದ ಉತ್ತರವನ್ನು ಬಂದಂತೆಯೇ ಬರೆದ.

ನನ್ನ ನಿದ್ದೆ ಕೆಡಿಸಿದವನು ಡೇಟನ್ ಮಿಲ್ಲರ್. ಮಾರ್ಲಿಯ ಜೊತೆ ದುಡಿದವನು, 1920ರ ದಶಕದಲ್ಲಿ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಸಾವಿರಾರು ಸಲ ಅಳೆದ. 30 ಸಿಗಲಿಲ್ಲ, ಸುಮಾರು 10 ಕಿಲೋಮೀಟರಿನ ಗಾಳಿ ಇದೆ ಎಂದ. 1955ರಲ್ಲಿ, ಅವನು ತೀರಿಕೊಂಡು 14 ವರ್ಷದ ಮೇಲೆ, ಶಾಂಕ್ಲಂಡ್ ಮತ್ತು ಸಂಗಡಿಗರು ಆ ಅಂಕಿಗಳನ್ನು ಮತ್ತೆ ಜಾಲಾಡಿ, ಅವು ಬಹುಪಾಲು ಉಷ್ಣತೆಯ ಏರುಪೇರಿನ ಆಟ ಎಂದರು. ಮಿಲ್ಲರ್ ಸುಳ್ಳು ಹೇಳಲಿಲ್ಲ. ಅವನಷ್ಟು ಶ್ರಮಪಟ್ಟವರು ಕಡಿಮೆ. ನಾನು ಹೆದರಿದ್ದು ಅದಕ್ಕೇ. ಸುಳ್ಳು ಹೇಳದೆಯೂ, ಸಿಕ್ಕ ಸಣ್ಣ ಅಂಕಿಯನ್ನು ಆಶಾದಾಯಕ ಸೂಚನೆ ಮಾಡಿಕೊಂಡು ಒಂದು ಬದುಕು ಕಳೆಯಬಹುದು.

ಹಾಗಾದರೆ ಮೊದಲ ‘ಇಲ್ಲ’ಕ್ಕೇ ಕೈಬಿಡಬೇಕೇ? ಹಾಗೆ ಬಿಟ್ಟಿದ್ದರೆ 1887ರ ಪ್ರಯೋಗವೇ ಆಗುತ್ತಿರಲಿಲ್ಲ. ಮೈಕಲ್ಸನ್ನೂ ಇನ್ನೊಂದು ಅವಕಾಶ ತೆಗೆದುಕೊಂಡವನೇ. ಆದರೆ ಆತ ಹೆಚ್ಚಿಸಿದ್ದು ‘ಇಲ್ಲ’ ಎಂಬುದನ್ನು ಖಚಿತವಾಗಿ ಹೇಳಬಲ್ಲ ಉಪಕರಣದ ಶಕ್ತಿಯನ್ನು. ಎಷ್ಟು ಕಾಣಬೇಕು ಎಂಬ ಅಂಕಿಯೂ ಅವನ ಮುಂದಿತ್ತು. ನಾನು ಕೇಳಿದ ಮೂರು ತಿಂಗಳಲ್ಲಿ ಹೆಚ್ಚಾಗುವುದು ಕಾಲ ಒಂದೇ. ನನ್ನ ವರದಿಯಲ್ಲಿ ಸೋಲಿಗೆ ಅಂಕಿಯೇ ಇರಲಿಲ್ಲ.

ನಮ್ಮ ಊರು ಗೌರಿಬಿದನೂರಿನ ಪಕ್ಕ. ಚಿಕ್ಕವನಿದ್ದಾಗ ಆ ಊರು ದಾಟಿ ವಿದುರಾಶ್ವತ್ಥಕ್ಕೆ ಎಷ್ಟೋ ಸಲ ಹೋಗಿದ್ದೇವೆ. 1986ರಲ್ಲಿ, ಗುರುತ್ವವೂ ಸೇರಿ ಗೊತ್ತಿರುವ ನಾಲ್ಕರ ಜೊತೆ ಐದನೆಯ ಬಲವೊಂದಿದೆ ಎಂಬ ಸುದ್ದಿ ಹಬ್ಬಿದಾಗ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್ ಮತ್ತು ಸಂಗಡಿಗರು ಗೌರಿಬಿದನೂರಿನ ನೆಲದಡಿಯಲ್ಲಿ ತೆಳು ತಂತಿಗೆ ತೂಗುಬಿಟ್ಟ ಸೂಕ್ಷ್ಮ ತಕ್ಕಡಿಯಿಂದ ಅದನ್ನು ಹುಡುಕಿದರು. ಸಿಗಲಿಲ್ಲ. ಇದ್ದರೂ ಇಷ್ಟಕ್ಕಿಂತ ದೊಡ್ಡದಿರಲಾರದು ಎಂಬ ಮಿತಿಯನ್ನು 1988ರಲ್ಲಿ ಪ್ರಕಟಿಸಿದರು. ನನಗೆ ಇದು ತಿಳಿದದ್ದು ದಿಲ್ಲಿಗೆ ಬಂದ ಮೇಲೆ. ಅವರು ಹಾಗೆ ಬರೆದಿಟ್ಟದ್ದರಿಂದ ಆಮೇಲೆ ಹುಡುಕುವವರಿಗೆ ಅಷ್ಟು ದಾರಿ ಉಳಿಯಿತು. ನಾನು ಮುಚ್ಚಿಟ್ಟ ‘ಇಲ್ಲ’ಕ್ಕಾದರೋ ಆರು ಜನರ ಮೂರು ತಿಂಗಳು, ಗ್ರಾಹಕರ ದುಡ್ಡು ಎರಡೂ ಹೋಗುತ್ತಿದ್ದವು.

ಮರುದಿನ ಬೆಳಿಗ್ಗೆ ಅವಳ ಸಾಲನ್ನು ಮತ್ತೆ ಸೇರಿಸಿ ಗ್ರಾಹಕರಿಗೆ ತಿದ್ದಿದ ವರದಿ ಕಳಿಸಿದೆ. ಮುಂದುವರಿಸುವುದಾದರೆ ಶೇ. 5ರಷ್ಟಾದರೂ ಲಾಭ ಕಾಣಬೇಕು, ಕಾಣದಿದ್ದರೆ ನಿಲ್ಲಿಸೋಣ ಎಂದೂ ಬರೆದೆ. ಅವರು ಧನ್ಯವಾದ ಹೇಳಿ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು. ನಮ್ಮಲ್ಲಿ ಇಬ್ಬರು ಬೆಂಚಿಗೆ ಬಂದರು. ಒಬ್ಬಳು ಅವಳೇ.

ಸತ್ಯ ಹೇಳಿದ ಸಮಾಧಾನ ನನ್ನದಾಯಿತು, ಅದರ ಬೆಲೆ ಅವಳ ಪಾಲಿಗೆ ಬಂತು. ಈ ಲೆಕ್ಕ ನನಗೆ ಇನ್ನೂ ಸರಿಹೊಂದಿಲ್ಲ. ಈ ವಾರ ಎರಡು ತಂಡಗಳಲ್ಲಿ ಅವಳಿಗಾಗಿ ಜಾಗ ಕೇಳಿದ್ದೇನೆ. ಯಾಕೆ ಖಾಲಿ ಇದ್ದಾಳೆ ಎಂದು ಅವರು ಕೇಳಿದರು. ನಡೆದದ್ದನ್ನು ನಡೆದಂತೆ, ನಾನು ಅಳಿಸಿದ ಸಾಲನ್ನೂ ಸೇರಿಸಿ ಹೇಳಿದೆ.