ತನ್ನ ಕೆಲಸಕ್ಕೆ ತಾನೇ ಪರೀಕ್ಷಕನಾಗಬಹುದೆ?

ತಾನು ಮಾಡಿದ ಕೆಲಸವನ್ನು ತಾನೇ ಪರೀಕ್ಷಿಸಿ ಸರಿಯೆಂದು ಸಾರುವವನ ಮಾತಿಗೆ ಎಷ್ಟು ಬೆಲೆಯುಂಟು? ಈ ಪ್ರಶ್ನೆಯು ಬಹುಕಾಲದಿಂದ ನನ್ನ ಮನಸ್ಸಿನ ಮೂಲೆಯಲ್ಲಿ ಬಿದ್ದಿದ್ದಿತು. ಅದನ್ನು ಮತ್ತೆ ಮುಂದಕ್ಕೆ ತಂದವನು ನನ್ನ ಮಗಳ ಮಗ. ಅವನು ಸಿಂಧನೂರಿನಲ್ಲಿ ಪದವಿಗೆ ಓದುತ್ತಿರುವನು. ರವಿವಾರಗಳಲ್ಲಿ ಮಸ್ಕಿಗೆ ಬಂದು, ನಮ್ಮ ಪಡಸಾಲೆಯಲ್ಲಿ ಕುಳಿತು ಜಾವಾ ಎಂಬ ಗಣಕಭಾಷೆಯ ಅಭ್ಯಾಸ ಮಾಡುವನು. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತ ನನಗೆ ಆ ಭಾಷೆ ತಿಳಿಯದು. ಆದರೆ ಅದಕ್ಕೂ ಒಂದು ವ್ಯಾಕರಣವಿದೆಯೆಂದು ಕೇಳಿದ ಮೇಲೆ ಅವನ ಮಗ್ಗುಲಲ್ಲಿ ಕುಳಿತು ನೋಡದೆ ಇರಲಾರದವನಾದೆನು.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಲೋಕಕ್ಕೆ ಕೊಟ್ಟ ಈ ಭಾಷೆಯಲ್ಲಿ ಹೊಸಬರು ಮೊದಲು ಚಿಕ್ಕ ಚಿಕ್ಕ ವಿಧಿಗಳನ್ನು ಬರೆಯಲು ಕಲಿಯುವರು. ಒಂದೊಂದು ವಿಧಿಗೂ ಯೂನಿಟ್ ಟೆಸ್ಟ್ ಎಂಬ ಕಿರುಪರೀಕ್ಷೆಯನ್ನು ಅವರೇ ಬರೆದಿಡತಕ್ಕದ್ದು: ಇಂಥ ಸಂಖ್ಯೆಯನ್ನು ಕೊಟ್ಟರೆ ಇಂಥದೇ ಉತ್ತರ ಬರಬೇಕು, ಎಂದು. ಯಂತ್ರವು ಬಂದ ಉತ್ತರವನ್ನೂ ಬರಬೇಕಾದುದನ್ನೂ ಹೋಲಿಸಿ, ಕೂಡಿದರೆ ಹಸಿರು ಬಣ್ಣವನ್ನೂ ಕೂಡದಿದ್ದರೆ ಕೆಂಪನ್ನೂ ತೋರಿಸುವದು. ಇದಕ್ಕೆ ಬಳಸುವ ಜೆಯೂನಿಟ್ ಎಂಬ ಸಾಧನವನ್ನು ಕೆಂಟ್ ಬೆಕ್, ಎರಿಕ್ ಗಾಮಾ ಎಂಬಿಬ್ಬರು 1997ರಲ್ಲಿ ವಿಮಾನದಲ್ಲಿ ಪ್ರಯಾಣ ಮಾಡುತ್ತ ಬರೆಯತೊಡಗಿದರಂತೆ. ನಮ್ಮ ಲಿಂಗಸುಗೂರು ಬಸ್ಸಿನಲ್ಲಿ ಪಂಚಾಂಗ ಹಿಡಿದು ಓದುವದೇ ದುಸ್ತರ, ಇರಲಿ.

ಹುಡುಗನು ಆ ದಿನ ಬರೆದದ್ದು, ಫೆಬ್ರುವರಿಗೆ 29 ದಿನಗಳುಳ್ಳ ವರ್ಷವನ್ನು ಗುರುತಿಸುವ ವಿಧಿ. ವರ್ಷವನ್ನು 4ರಿಂದ ಭಾಗಿಸಿ ಶೇಷವುಳಿಯದಿದ್ದರೆ ಹೌದು, ಇಲ್ಲವಾದರೆ ಅಲ್ಲ. 2024 ಹೌದು, 2023 ಅಲ್ಲ, ಎರಡಕ್ಕೂ ಹಸಿರು. "1900ನ್ನು ಕೇಳಿ ನೋಡು" ಎಂದೆನು. ಕೇಳಿದನು, ಕೆಂಪು. 1582ರಲ್ಲಿ ಪೋಪ್ ಗ್ರೆಗೊರಿಯವರು ತಿದ್ದಿಸಿದ ಪಂಚಾಂಗದಲ್ಲಿ 4ರ ನಿಯಮವು ಉತ್ಸರ್ಗ. 100ರಿಂದ ಭಾಗವಾಗುವ ವರ್ಷವು ಅಪವಾದ. 400ರಿಂದ ಭಾಗವಾದರೆ ಅಪವಾದವೂ ಹಿಂದೆಗೆದು ಪ್ರತಿಪ್ರಸವವಾಗುವದು. ಆದ್ದರಿಂದ 2000 ಹೌದು, 1900 ಅಲ್ಲ. ಪಾಣಿನಿಯು ಕೇಳಿದ್ದರೆ ಮೆಚ್ಚುತ್ತಿದ್ದ ಏರ್ಪಾಡು!

ಹುಡುಗನು ಗಡಿಯಾರವನ್ನು ನೋಡಿದನು. ಮರುದಿನವೇ ಕೆಲಸವನ್ನು ಒಪ್ಪಿಸಬೇಕಾಗಿದ್ದಿತು. ವಿಧಿಯನ್ನು ತಿದ್ದುವದನ್ನು ಬಿಟ್ಟು, 1900ನ್ನು ಕೇಳುವ ಸಾಲನ್ನೇ ಅಳಿಸಿದನು. ಪರದೆಯು ಮತ್ತೆ ಹಸಿರಾಯಿತು. "ಮಾಸ್ತರರು ಹಸಿರನ್ನಷ್ಟೆ ನೋಡುತ್ತಾರೆ, ತಾತಾ. ಎಕ್ಸೆಲ್ ಕೂಡ 1900ಕ್ಕೆ ಹೌದೆನ್ನುತ್ತದೆ. ಅದರಿಂದ ಯಾರ ಲೆಕ್ಕ ಕೆಟ್ಟಿದೆ?" ಎಂದನು.

ನಾನು ಅವನನ್ನು ಬಯ್ಯಬೇಕಾಗಿದ್ದಿತು. ಬಯ್ಯಲು ನಾಲಗೆ ಏಳಲಿಲ್ಲ.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ ತಪಾಸಣೆಗೆ ಅಧಿಕಾರಿಗಳು ಬರುವರೆಂದು ತಿಳಿಯಿತು. ಚುರುಕಾದ ಆರು ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಕೇಳಿಸಬೇಕಾದ ಲೆಕ್ಕಗಳನ್ನು ಎಂಟು ದಿನ ಮೊದಲೇ ಬಾಯಿಪಾಠ ಮಾಡಿಸಿದೆನು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದನು. 1224ನ್ನು 12ರಿಂದ ಭಾಗಿಸೆಂದರೆ 12 ಎಂದು ಬರೆಯುವನು. ನಡುವಿನ ಸೊನ್ನೆಯು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅಧಿಕಾರಿಗಳು ಕೇಳಿದ್ದಕ್ಕೆಲ್ಲ ಉತ್ತರ ಬಂದಿತು. ಬಹಳ ಸಂತೋಷವೆಂದು ಪುಸ್ತಕದಲ್ಲಿ ಬರೆದು ಹೋದರು. ಅಂದು ನಾನು ಸುಳ್ಳಾಡಲಿಲ್ಲ. ಒಂದು ಪ್ರಶ್ನೆಯು ಏಳದಂತೆ ನೋಡಿಕೊಂಡೆನು, ಅಷ್ಟೆ. ಆ ಹುಡುಗನು ಸೊನ್ನೆಯನ್ನು ಕಲಿಯದೆಯೇ ಶಾಲೆಯನ್ನು ಬಿಟ್ಟನು.

ಇನ್ನು ಎಕ್ಸೆಲ್ಲಿನ ಮಾತು. ಹುಡುಗನು ಹೇಳಿದ್ದು ನಿಜವೇ ಆಗಿದೆ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಲೋಟಸ್ 1-2-3 ಎಂಬ ಲೆಕ್ಕದ ಹಾಳೆಯಲ್ಲಿ ಈ ತಪ್ಪಿದ್ದಿತು. ಹಳೆಯ ಹಾಳೆಗಳ ದಿನಾಂಕಗಳು ಕೆಡಬಾರದೆಂದು ಮೈಕ್ರೋಸಾಫ್ಟಿನವರು ಅದನ್ನು ತಿಳಿದೂ ಉಳಿಸಿಕೊಂಡರು. ಎಂದೂ ಉದಯಿಸದ 1900ರ ಫೆಬ್ರುವರಿ 29 ಇಂದಿಗೂ ಅಲ್ಲಿ ಒಂದು ದಿನವಾಗಿ ನಿಂತಿದೆ. ಆದರೆ ಇದು ತಪ್ಪೆಂದೂ, ಇಂಥ ಕಾರಣಕ್ಕಾಗಿ ಇರಿಸಿದೆವೆಂದೂ ಅವರು ಬಹಿರಂಗವಾಗಿ ಬರೆದಿಟ್ಟಿರುವರು. ಒಪ್ಪಿಕೊಂಡು ಹೊತ್ತ ತಪ್ಪಿಗೂ ಸಾಕ್ಷಿಯ ಬಾಯಿ ಮುಚ್ಚಿ ಮರೆಸಿದ ತಪ್ಪಿಗೂ ಅಂತರವುಂಟು. ಹುಡುಗನ ವಿಧಿಯಲ್ಲಿ ದೋಷವಿದ್ದದ್ದು ಅಜ್ಞಾನದಿಂದ. ಅದಕ್ಕೆ ಅವನು ಹೊಣೆಯಲ್ಲ. ಸಾಲನ್ನು ಅಳಿಸಿದ್ದು ತಿಳಿದು.

ಹಾಗಾದರೆ ತನ್ನ ಪರೀಕ್ಷೆಯನ್ನು ತಾನೇ ಬರೆದುಕೊಳ್ಳುವ ಪದ್ಧತಿಯೇ ದೂಷ್ಯವೆ? ನನಗೆ ಹಾಗೆ ತೋರುವದಿಲ್ಲ. ನಮ್ಮ ವೈಯಾಕರಣರು ಸೂತ್ರಕ್ಕೆ ಉದಾಹರಣೆಯನ್ನಷ್ಟೆ ಕೊಟ್ಟು ತೃಪ್ತರಾಗಲಿಲ್ಲ, ಪ್ರತ್ಯುದಾಹರಣೆಯನ್ನೂ ಕೊಟ್ಟರು. ಸವರ್ಣದೀರ್ಘದ ಸೂತ್ರದಲ್ಲಿ 'ಸವರ್ಣ' ಎಂಬ ಮಾತೇಕೆ ಬೇಕು? ಅದಿಲ್ಲದಿದ್ದರೆ 'ದಧಿ ಅತ್ರ' ಎಂಬಲ್ಲಿಯೂ ದೀರ್ಘವು ಬಂದುಬಿಟ್ಟೀತು, ಆಗಬೇಕಾದದ್ದೋ 'ದಧ್ಯತ್ರ'. ಸೂತ್ರವು ಎಲ್ಲಿ ಹತ್ತಬಾರದೋ ಅಲ್ಲಿಗೇ ಹೋಗಿ ಅದನ್ನು ಕೆಣಕುವ ಈ ಕ್ರಮವನ್ನು ನಮ್ಮ ಗುರುಗಳು ಹೇಳಿಕೊಡುವಾಗ, ಇದು ಕೇವಲ ಶಬ್ದಗಳ ವಿಷಯವೆಂದು ಭಾವಿಸಿದ್ದೆನು. 2024 ಹುಡುಗನ ಉದಾಹರಣೆ, 1900 ಪ್ರತ್ಯುದಾಹರಣೆ. ತನ್ನ ಮಾತನ್ನು ಕೆಡಿಸಬಲ್ಲ ಪ್ರಶ್ನೆಯನ್ನು ತಾನೇ ಹುಡುಕಿ ತರುವವನು ಪರೀಕ್ಷಕನೂ ಆಗಬಲ್ಲನು. ವಿಧಿಗಿಂತ ಮೊದಲೇ ಪರೀಕ್ಷೆಯನ್ನು ಬರೆದಿಡಬೇಕೆಂದು ಬೆಕ್ ಅವರು ಬೋಧಿಸಿದ್ದು ನನಗೆ ಈ ಕಾರಣದಿಂದಲೇ ಹಿಡಿಸಿತು. ಉತ್ತರವು ಇನ್ನೂ ಹುಟ್ಟದಿರುವಾಗ ಅದರ ಮೇಲೆ ಮೋಹವೂ ಹುಟ್ಟಿರುವದಿಲ್ಲ.

ಆದರೂ ಒಂದು ಮಿತಿಯನ್ನು ಒಪ್ಪಲೇಬೇಕು. ನನಗೆ ತೋಚದ ಪ್ರಶ್ನೆಯನ್ನು ನಾನು ಕೇಳಲಾರೆನು. ಜಾವಾದ ಸ್ವಂತ ಭಂಡಾರದಲ್ಲಿ, ಕ್ರಮವಾಗಿ ಜೋಡಿಸಿದ ಪಟ್ಟಿಯೊಳಗೆ ಬೇಕಾದದ್ದನ್ನು ಅರ್ಧರ್ಧ ಮಾಡುತ್ತ ಹುಡುಕುವ ವಿಧಿಯೊಂದುಂಟು. ಅದರಲ್ಲಿ ಸುಮಾರು 9 ವರ್ಷ ಒಂದು ದೋಷವು ಅಡಗಿದ್ದಿತೆಂದು ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಪ್ರಕಟಿಸಿದರು. ಎರಡು ಸ್ಥಾನಗಳ ಮೊತ್ತವು 2147483647ನ್ನು ಮೀರಿದರೆ ಅದು ಋಣಸಂಖ್ಯೆಯಾಗಿ ತಿರುಗುತ್ತಿದ್ದಿತು. ಅಷ್ಟು ದೊಡ್ಡ ಪಟ್ಟಿಯನ್ನು ಯಾರೂ ಅದರ ಮುಂದೆ ಇಟ್ಟಿರಲಿಲ್ಲ.

ಹೊರಗಿನ ಸಾಕ್ಷಿಗೆ ನಮ್ಮೂರಿನ ಬಂಡೆಯೇ ನಿದರ್ಶನ. 1837ರಲ್ಲಿ ಪ್ರಿನ್ಸೆಪ್ ಅವರು ಬ್ರಾಹ್ಮಿಲಿಪಿಯನ್ನು ಓದಿದರು. ಶಾಸನಗಳ 'ದೇವಾನಾಂಪ್ರಿಯ'ನು ಅಶೋಕನೇ ಎಂದು ಟರ್ನರ್ ಅವರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳಿದರು. ಆದರೆ ಆಗ ತಿಳಿದಿದ್ದ ಶಾಸನಗಳಲ್ಲಿ ಆ ಹೆಸರಿರಲಿಲ್ಲ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಈ ಪರೀಕ್ಷೆಯನ್ನು ಪಂಡಿತರು ಬರೆದಿರಲಿಲ್ಲ. ಅದು ಎರಡು ಸಾವಿರ ವರ್ಷಗಳಿಗೂ ಮೊದಲೇ ಬರೆದು ಗುಡ್ಡದಲ್ಲಿ ಕಾದಿದ್ದಿತು.

ಮುಂದಿನ ರವಿವಾರ ಹುಡುಗನು ಬಂದಾಗ ನಾನು ಅವನಿಗೆ ತಪಾಸಣೆಯ ಕಥೆಯನ್ನು ಹೇಳಿದೆನು. ಅವನೇನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಳಿಸಿದ ಸಾಲನ್ನು ಪುನಃ ಬರೆದು, 2000ಕ್ಕೂ ಒಂದನ್ನು ಸೇರಿಸಿ, ಕೆಂಪನ್ನು ಮುಂದಿಟ್ಟುಕೊಂಡು ಕುಳಿತನು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಹಿಂದಿನ ಸಾಲಿನ ಆ ಹುಡುಗನು ಈಗ ಲಿಂಗಸುಗೂರಿನಲ್ಲಿ ಅಂಗಡಿ ಇಟ್ಟಿರುವನು. ಹೋದಾಗಲೆಲ್ಲ "ಬರ್ರಿ ಮಾಸ್ತರೇ" ಎಂದು ಕುರ್ಚಿ ಹಾಕಿ, ಚಹಾ ತರಿಸುವನು. ಲೆಕ್ಕದ ವಹಿಯನ್ನು ಮಾತ್ರ ಮಗನ ಕೈಗೆ ಕೊಡುವನು.