ಕೊಡದಿದ್ದನ್ನು ತೆಗೆದುಕೊಂಡೆ



ರಾಣೆಬೆನ್ನೂರಿನ ಸೈಬರ್ ಸೆಂಟರಿನಲ್ಲಿ ಮಗಳ ಕ್ಲ್ಯಾಟ್ ಅರ್ಜಿ ನಾನೇ ತುಂಬಿದೆ. ಮೊದಲ ಆಯ್ಕೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್. ಅವಳ ಮನಸ್ಸಿದ್ದದ್ದು ಹನುಮನಮಟ್ಟಿ ಕೃಷಿ ಕಾಲೇಜಿನ ಮೇಲೆ. "ನನ್ನ ಒಂದ್ ಮಾತ ಕೇಳಬೇಕಿತ್ತಲ್ರೀ ಅಪ್ಪಾ" ಅಂದಳು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಓದಿಸಿದ ನನ್ನಪ್ಪ, ಏನು ಓದುತ್ತೀ ಎಂದು ಕೇಳಲಿಲ್ಲ; ನಾನು ಕನ್ನಡ ಎಂ.ಎ. ಮಾಡಿದೆ. ರಾಮ್‌ಜಿ ಸಕ್ಪಾಲರು ಹೆಣ್ಣುಮಕ್ಕಳ ಒಡವೆ ಅಡವಿಟ್ಟು ಭೀಮನಿಗೆ ಪುಸ್ತಕ ತಂದರು. ಅವರು 1913ರ ಫೆಬ್ರವರಿಯಲ್ಲಿ ತೀರಿಕೊಂಡರು. ಮಗ ಕೊಲಂಬಿಯಾಕ್ಕೆ ಹೋದದ್ದು ಆಮೇಲೆ, ಅದೇ ವರ್ಷ.

ಕೊಡದಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ದಿನಾ ಎರಡನೆಯ ಶೀಲ ಹೇಳುತ್ತೇನೆ. ಆಯ್ಕೆಯನ್ನು ಮಗಳು ನನಗೆ ಕೊಟ್ಟಿರಲಿಲ್ಲ. ಹಾಗಂತ, ಅಂಥಲ್ಲಿಗೆ ನಮ್ಮ ಮಕ್ಕಳು ಹೋಗದಿದ್ದರೆ ಹೇಗೆ ಎಂಬ ಹಠ ಇನ್ನೂ ಇಳಿದಿಲ್ಲ. ಪಾಸ್‌ವರ್ಡ್ ಮಾತ್ರ ನಿನ್ನೆ ಅವಳ ಕೈಗೆ ಕೊಟ್ಟೆ.