ಕಿರಣವೂ ಕರ್ತವ್ಯವೂ

೧೮೯೮ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಮ್ಮು ಕ್ಯಾನ್ಸರಿಗೆ ಮದ್ದಾಯಿತು. ಆದರೆ ಅಂಥ ಕಿರಣಗಳಿಂದಲೇ ಮೇರಿ ಕ್ಯೂರಿಯವರ ದೇಹವು ಸವೆದುಹೋಯಿತು. ಕಿರಣಕ್ಕೆ ಶತ್ರು-ಮಿತ್ರರ ಭೇದವಿಲ್ಲ, ವಿವೇಕವು ವೈದ್ಯನದು. ಆದುದರಿಂದಲೇ ಅವನು ಸಾಮಾನ್ಯವಾಗಿ ಕಿರಣವನ್ನು ವಾರಕ್ಕೆ ಐದು ದಿನದಂತೆ ಹಲವು ವಾರ ಹಂಚಿ ಕೊಡುವನು. ನಡುವಣ ವಿರಾಮದಲ್ಲಿ ನಿರೋಗಿ ಜೀವಕೋಶಗಳು ಚೇತರಿಸಿಕೊಳ್ಳುವವು. ರೋಗದ ಕೋಶಗಳಿಗೆ ಆ ಶಕ್ತಿಯು ಕಡಿಮೆ. ಆದರೆ ಚಿಕಿತ್ಸೆಯು ಅರ್ಧಕ್ಕೆ ನಿಂತರೆ ರೋಗವು ಮತ್ತೆ ಚಿಗುರಬಹುದು.

ಇಲ್ಲಿಯೇ ಧರ್ಮದ ಪ್ರಶ್ನೆ ಏಳುವದು. ಮುದ್ದೇಬಿಹಾಳದ ರೈತನು ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದರೆ ವಾರಗಟ್ಟಲೆ ಅಲ್ಲಿಯೇ ಉಳಿಯಬೇಕು. ಹೊಲದಲ್ಲಿ ಬಿಳಿಜೋಳವು ಕೊಯ್ಲಿಗೆ ಬಂದಿತೆಂದು ಅವನು ನಡುವೆಯೇ ಮರಳಿದರೆ ತಪ್ಪು ಯಾರದು? ವೈದ್ಯನು ಕಿರಣವನ್ನು ಅಳೆಯಬಲ್ಲನು, ಜೋಳವನ್ನು ಕೊಯ್ಯಲಾರನು. ಮುಯ್ಯಾಳಾಗಿ ನಿಂತು ರಾಶಿಮಾಡುವ ನೆರೆಯವನೂ ಆ ಚಿಕಿತ್ಸೆಯಲ್ಲಿ ಪಾಲುಗಾರನು. ವಾಚಕರು ಇದನ್ನು ಉಪಕಾರವೆನ್ನದೆ ಋಣವೆಂದೇ ಎಣಿಸಬೇಕು.